ಎದೆ ಮೇಲೆ ಕ್ಯಾಮೆರಾ ಬಂದ ಮೇಲೆ ಪೊಲೀಸರು ನಮ್ಮ ಭಾಷೆ ಬಿಟ್ಟರಾ?

ಕಂಗಿನಡಿ:

ಕಳೆದ ತಿಂಗಳು ಕೇರಳದ ಗಡಿ ಜಿಲ್ಲೆ ನಮ್ಮ ಕಾಸರಗೋಡಿನಲ್ಲಿ ನಡೆದ ಸಂಗತಿ. ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಡಿಕೆ ಅಂಗಡಿಗೆ ಹೊರಟಿದ್ದೆ. ನಾನು ಹೆಲ್ಮೆಟ್ ಹಾಕಿದ್ದೆ, ಮಾವ ಹಾಕಿರಲಿಲ್ಲ. ತಪ್ಪು ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ತಿರುವಿನಲ್ಲಿ ಜೀಪು ನಿಂತಿತ್ತು. ಯಾವ ಠಾಣೆಯದು ಅಂತ ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

ಎಸ್ಸೈ ಎಳೆಯ ಪ್ರಾಯದವರು. ಕೇರಳದ ತೆಂಕಣ ಜಿಲ್ಲೆಯವರು ಅಂತ ಮಾತಿನಲ್ಲೇ ಗೊತ್ತಾಯಿತು. ಎದೆಯ ಎಡಗಡೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ, ಅದರಲ್ಲೊಂದು ಕೆಂಪು ದೀಪ. ಅವರು ಮರ್ಯಾದೆಯಲ್ಲೇ ಲೈಸೆನ್ಸ್ ಕೇಳಿದರು. ನಾನು ಡಿಕ್ಕಿ ತೆಗೆದು ಹುಡುಕುತ್ತಿದ್ದೆ. ಅಷ್ಟರಲ್ಲಿ ಮಾವ ಶುರು ಮಾಡಿದರು. ಮಾವನಿಗೆ 76. ಮಲಯಾಳ ಅರ್ಥ ಆಗುತ್ತದೆ, ಬಾಯಿಗೆ ಬರುವುದಿಲ್ಲ. ಪ್ರಾಯದ ಹುಡುಗರು ಯಾರು ಸಿಕ್ಕಿದರೂ ಅವರದು ಒಂದೇ ಪ್ರಶ್ನೆ: 'ನೀ ಯಾವ ಊರಿನವ ಮಗಾ? ಮದುವೆ ಆಗಿದೆಯಾ?'

ಎಸ್ಸೈಗೆ ಅದರಲ್ಲಿ ಕೇಳಿಸಿದ್ದು 'ನೀ' ಒಂದೇ. ಮುಖ ಬಿಗಿಯಾಯಿತು. ಕ್ಯಾಮೆರಾಕ್ಕೆ ಬೆರಳು ತೋರಿಸಿ, ಎಲ್ಲಾ ರೆಕಾರ್ಡ್ ಆಗುತ್ತಿದೆ, ಮರ್ಯಾದೆ ಕೊಟ್ಟು ಮಾತಾಡಿ ಅಂತ ಮಲಯಾಳದಲ್ಲಿ ಹೇಳಿದರು. ಮಾವನಿಗೆ ಅರ್ಥ ಆದದ್ದು ಬೇರೆ. ಫೋಟೋ ತೆಗೆಯುತ್ತಾರೆ ಅಂದುಕೊಂಡರು. ಹೆಗಲ ಬೈರಾಸಿನಲ್ಲಿ ಮುಖ ಒರೆಸಿದರು, ಅಂಗಿಯ ಮೇಲಿನ ಗುಂಡಿ ಹಾಕಿದರು, ರೇಷನ್ ಕಾರ್ಡಿನ ಫೋಟೋಕ್ಕೆ ನಿಂತ ಹಾಗೆ ನೆಟ್ಟಗೆ ನಿಂತರು. ನನಗೆ ನಗಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಹಿಂದೆ ನಿಂತಿದ್ದ ಪೊಲೀಸ್ ನಮ್ಮ ಕಡೆಯವರೇ. 'ಸಾರ್, ಅದು ಅಜ್ಜಂದಿರು ಮಾತಾಡುವ ರೀತಿ' ಅಂತ ಅವರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಎಸ್ಸೈ ಜೀಪಿನ ಹತ್ತಿರ ಹೋದ ಮೇಲೆ ಬದಿಗೆ ಬಂದು ಮೆಲ್ಲನೆ ತುಳುವಿನಲ್ಲಿ 'ಬೇಜಾರ್ ಮಲ್ಪೊಡ್ಚಿ ಅಜ್ಜೆರೆ' (ಬೇಜಾರು ಮಾಡಬೇಡಿ ಅಜ್ಜ) ಅಂದರು. 500 ರೂಪಾಯಿ ಕಟ್ಟಿ ಬಂದೆವು.

ನನ್ನ ಪ್ರಶ್ನೆ ದಂಡದ್ದಲ್ಲ. ಇದೇ ದಾರಿಯಲ್ಲಿ ಮೊದಲು ಹೊರಗಿನ ಪೊಲೀಸರು ಹರಕು ಮುರುಕು ತುಳುವಿನಲ್ಲಿ, ಕನ್ನಡದಲ್ಲಿ ಮಾತಾಡಲು ನೋಡುತ್ತಿದ್ದರು. ಈಗ ದೀಪ ಉರಿದ ಕೂಡಲೇ ಶುದ್ಧ ಮಲಯಾಳ. ನಿಮಗೂ ಹೀಗೆ ಅನಿಸಿದೆಯಾ, ಅಥವಾ ನನ್ನ ಭ್ರಮೆಯಾ?

ಪೆರ್ಲ ಬಸ್ಸು:

ಮಾವನ ಫೋಟೋ ಚೆನ್ನಾಗಿ ಬಂದಿದೆಯಾ ಮಾರಾಯ್ರೆ? 😀

'ನೀ' ಪುಣ್ಯ. ನಮ್ಮ ದೊಡ್ಡಮ್ಮ ಒಮ್ಮೆ ಮನೆಗೆ ಬಂದ ಬೀಟ್ ಪೊಲೀಸರಿಗೆ 'ತಿಂಡಿ ಆಯ್ತಾ?' ಅಂತ ಕೇಳಿದ್ದರು. ಅವರ ಕಿವಿಗೆ ಅದು 'ತೆಂಡಿ' ಅಂತ ಬಿತ್ತು. ಮಲಯಾಳದಲ್ಲಿ ತೆಂಡಿ ಅಂದರೆ ಭಿಕ್ಷುಕ, ಬೈಗುಳ. ಆಮೇಲೆ ಅವಲಕ್ಕಿ ಬಾಳೆಹಣ್ಣು ಎದುರಿಗೆ ಬಂದಾಗ ಗೊತ್ತಾಯಿತು, ನಕ್ಕರು. ಅವತ್ತು ಅವರ ಎದೆಯಲ್ಲಿ ಕ್ಯಾಮೆರಾ ಇರಲಿಲ್ಲ.

ಗಡಿದಾಟು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ದಿನಾ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವ ನಾನು. 2020ರ ಲಾಕ್‌ಡೌನ್ ನೆನಪಿದೆಯಲ್ಲ? ಗಡಿ ರಸ್ತೆಗೆ ಮಣ್ಣು ಸುರಿದಿದ್ದರು. ಆಗ ಎರಡೂ ಕಡೆ ಕೇಳಿದ ಮಾತು ನನಗೆ ಇನ್ನೂ ಮರೆತಿಲ್ಲ. ಈಚೆ 'ಎಡಾ', ಆಚೆ 'ಏಯ್, ಏನೋ'. ನಾವು ಎರಡು ಭಾಷೆಯಲ್ಲಿ ಬೈಗುಳ ತಿಂದವರು.

ಈಗ ಕ್ಯಾಮೆರಾ ಹಾಕಿದವರು 'ಸಾರ್, ರೆಕಾರ್ಡ್ಸ್ ತೋರಿಸಿ' ಅನ್ನುತ್ತಾರೆ. ಮುಖದಲ್ಲಿ ನಗು ಇಲ್ಲ, ಒಪ್ಪುತ್ತೇನೆ. ಆದರೆ ನನಗೆ ನಗು ಬೇಡ. ಬೈಯದಿದ್ದರೆ ಸಾಕು.

ಕೇರಳ ಹೈಕೋರ್ಟ್ ಇದನ್ನು ಸುಮ್ಮನೆ ಹೇಳಿದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಅವರು, ಜನರನ್ನು 'ಎಡಾ', 'ಎಡೀ', 'ನೀ' ಅಂತ ಕರೆಯಬಾರದು, ಆ ಬಗ್ಗೆ ಸುತ್ತೋಲೆ ಹೊರಡಿಸಿ ಅಂತ ಪೊಲೀಸ್ ಮುಖ್ಯಸ್ಥರಿಗೆ ಹೇಳಿದರು. ಸುತ್ತೋಲೆ ಬಂತು. 2024ರ ಜನವರಿಯಲ್ಲಿ ಪಾಲಕ್ಕಾಡಿನ ಆಲತ್ತೂರಿನಲ್ಲಿ ಒಬ್ಬ ವಕೀಲರ ಜೊತೆ ಎಸ್ಸೈ ಕೂಗಾಡಿದ ವಿಡಿಯೋ ಹರಡಿದಾಗ ವಿಷಯ ಮತ್ತೆ ಅದೇ ಕೋರ್ಟಿಗೆ ಹೋಯಿತು. ಅಂದರೆ ಕಾಗದದಿಂದ ಮಾತು ಬದಲಾಗಲಿಲ್ಲ, ಎಲ್ಲರ ಕಣ್ಣಿಗೆ ಬಿದ್ದದ್ದು ವಿಡಿಯೋದಿಂದ.

ಕಂಗಿನಡಿ:

ಗಡಿದಾಟು ಅಣ್ಣ, ನೀವು ಹೇಳಿದ್ದು ಸರಿ. ಆದರೆ ತಮಾಷೆ ನೋಡಿ. ಪೊಲೀಸರು ಜನರಿಗೆ ಹೇಳಬಾರದು ಅಂತ ಕೋರ್ಟ್ ಹೇಳಿದ ಅದೇ 'ನೀ', ನಮ್ಮ ಮಾವನ ಬಾಯಲ್ಲಿ ಪ್ರೀತಿ. ಅಕ್ಷರ ಒಂದೇ.

ಓದುಗೂಸು:

ನಾನು ಭಾಷಾಶಾಸ್ತ್ರ ಓದುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಕ್ಯಾಮೆರಾದ ಬಗ್ಗೆ ಎಲ್ಲರೂ ಮೊದಲು ಹೇಳುವುದು ಅಮೆರಿಕದ ರಿಯಾಲ್ಟೊ ಅನ್ನುವ ಊರಿನ ಕಥೆ. ಕ್ಯಾಲಿಫೋರ್ನಿಯಾದ ಸಣ್ಣ ಊರು, ಗಸ್ತು ತಿರುಗುವ 54 ಪೊಲೀಸರು. 2012ರಲ್ಲಿ ಶುರು ಮಾಡಿ ಒಂದು ವರ್ಷ ಪ್ರಯೋಗ ಮಾಡಿದರು. ಪೊಲೀಸರ ಮೇಲಿನ ದೂರು ಹಿಂದಿನ ವರ್ಷ 24 ಇದ್ದದ್ದು 3ಕ್ಕೆ ಇಳಿಯಿತು. ಜಗತ್ತೆಲ್ಲ ಕ್ಯಾಮೆರಾ ಕೊಳ್ಳಲು ಓಡಿತು. ಆಮೇಲೆ ರಾಜಧಾನಿ ವಾಷಿಂಗ್ಟನ್‌ನಲ್ಲಿ 2,224 ಪೊಲೀಸರನ್ನು ಇಟ್ಟುಕೊಂಡು ನೋಡಿದರು. 2017ರಲ್ಲಿ ಬಂದ ಫಲಿತಾಂಶ: ಕ್ಯಾಮೆರಾ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಾಗಾಗಿ 'ಕ್ಯಾಮೆರಾ ಬಂದರೆ ಪೊಲೀಸರು ಸರಿಹೋಗುತ್ತಾರೆ' ಅನ್ನುವುದೂ, 'ಏನೂ ಆಗುವುದಿಲ್ಲ' ಅನ್ನುವುದೂ ಎರಡೂ ಅವಸರದ ಮಾತು.

ನನಗೆ ಇಷ್ಟ ಆದದ್ದು ಇನ್ನೊಂದು. ಓಕ್‌ಲ್ಯಾಂಡ್ ಪೊಲೀಸರ ಕ್ಯಾಮೆರಾದಲ್ಲಿದ್ದ ಮಾತನ್ನೇ ಸ್ಟ್ಯಾನ್‌ಫರ್ಡ್‌ನವರು ಬರೆಸಿಕೊಂಡು ಲೆಕ್ಕ ಹಾಕಿದರು. 2014ರ ಏಪ್ರಿಲ್ ಒಂದೇ ತಿಂಗಳು, 245 ಪೊಲೀಸರು, ವಾಹನ ತಡೆದ 981 ಸಂದರ್ಭ. ಹೆಸರು ಹಿಡಿದು ಹೇಗೆ ಕರೆದರು, 'ಕ್ಷಮಿಸಿ' ಅಂದರಾ, 'ಜೋಪಾನವಾಗಿ ಹೋಗಿ' ಅಂದರಾ, ಎಲ್ಲಾ. ತುಂಬಾ ಮರ್ಯಾದೆಯ ಮಾತು ಬಿಳಿಯರ ಕಿವಿಗೆ ಬೀಳುವ ಸಾಧ್ಯತೆ 57 ಶೇಕಡ ಜಾಸ್ತಿ ಇತ್ತು. ಮರ್ಯಾದೆ ತೀರಾ ಕಡಿಮೆ ಇರುವ ಮಾತು ಕರಿಯರ ಕಿವಿಗೆ ಬೀಳುವ ಸಾಧ್ಯತೆ 61 ಶೇಕಡ ಜಾಸ್ತಿ. ಯಾರೂ ಬೈದಿರಲಿಲ್ಲ. ಸಣ್ಣ ಸಣ್ಣ ಶಬ್ದಗಳ ವ್ಯತ್ಯಾಸ, ಅಷ್ಟೇ. 2017ರಲ್ಲಿ ಇದು ಪ್ರಕಟವಾಯಿತು.

ಇಂಗ್ಲಿಷಿನಲ್ಲಿ 'ಯೂ' ಒಂದೇ. ಅಲ್ಲೇ ಇಷ್ಟು ಸಿಕ್ಕಿದರೆ, ಕನ್ನಡದ ನೀನು ನೀವು, ತುಳುವಿನ ಈ ಈರ್, ಮಲಯಾಳದ ನೀ ನಿಙ್ಙಳ್ ಎಲ್ಲಾ ಒಟ್ಟಿಗೆ ಇರುವ ನಮ್ಮ ಊರಿನ ವಿಡಿಯೋಗಳಲ್ಲಿ ಎಷ್ಟು ಸಿಗಬಹುದು ಯೋಚಿಸಿ. ಆದರೆ ಕೂತು ಕೇಳುವವರಿಗೆ ಅಷ್ಟೂ ಭಾಷೆ ಗೊತ್ತಿರಬೇಕು.

ನಿವೃತ್ತ ಖಾಕಿ:

ಎಲ್ಲಾ ಓದಿದೆ. ಅಡ್ರೆಸ್ ಹುಡುಕಬೇಡಿ, ನಾನು ಇಲಾಖೆಯಿಂದ ಹೊರಬಂದವ. ಕೊನೆಯ ವರ್ಷಗಳಲ್ಲಿ ನಾನೂ ಅದನ್ನು ಹಾಕಿದ್ದೇನೆ.

ಕಂಗಿನಡಿಯವರೇ, ನಿಮ್ಮದು ಭ್ರಮೆ ಅಲ್ಲ. ನಾನೇ ಹಾಗೆ ಮಾಡಿದ್ದೇನೆ. ನಾನು ಬೇರೆ ಜಿಲ್ಲೆಯಿಂದ ಬಂದವ. ಇಲ್ಲಿಗೆ ವರ್ಗ ಆದಾಗ ಸಹೋದ್ಯೋಗಿಗಳು 'ಎಂತ ತಪ್ಪು ಮಾಡಿದೆ?' ಅಂತ ಕೇಳಿದ್ದರು. ಕಾಸರಗೋಡು ಅಂದರೆ ಶಿಕ್ಷೆಯ ವರ್ಗ ಅನ್ನುವ ಮಾತು ಕಚೇರಿಗಳಲ್ಲಿ ಇನ್ನೂ ಇದೆ. ಬಂದ ಮೇಲೆ ಚಾಯದ ಅಂಗಡಿಯಲ್ಲಿ ಕೂತು ತುಳು ಕಲಿತೆ, ಕನ್ನಡ ಕಲಿತೆ. ತಪ್ಪು ತಪ್ಪೇ ಮಾತಾಡುತ್ತಿದ್ದೆ. ಜನ ನಗುತ್ತಿದ್ದರು, ನಕ್ಕ ಮೇಲೆ ವಿಷಯ ಹೇಳುತ್ತಿದ್ದರು. ನಿಮ್ಮ ಊರಿನಲ್ಲಿ ನನ್ನ ಅರ್ಧ ಕೆಲಸ ನಡೆದದ್ದು ನನ್ನ ಕೆಟ್ಟ ತುಳುವಿನಿಂದ.

ಕ್ಯಾಮೆರಾ ಹಾಕಿದ ದಿನ ಅದು ನಿಂತಿತು. ಯಾರೂ ನಿಲ್ಲಿಸು ಅನ್ನಲಿಲ್ಲ. ನನಗೇ ಹೆದರಿಕೆ. ಮಲಯಾಳದಲ್ಲಿ ಆಡಿದ ಮಾತಿಗೆ ನಾನು ಜವಾಬು ಕೊಡಬಲ್ಲೆ. ತಪ್ಪು ಕನ್ನಡದಲ್ಲಿ 'ಬನ್ನಿ' ಅನ್ನುವಲ್ಲಿ 'ಬಾ' ಅಂದರೆ? ಆ ಒಂದು ಶಬ್ದ ಕತ್ತರಿಸಿ ವಾಟ್ಸಾಪಿನಲ್ಲಿ ಹಾಕಿದರೆ? ಮೊದಲು ತಪ್ಪು ಮಾತಾಡಿದರೆ ನಗು, ಈಗ ದಾಖಲೆ. ಅದಕ್ಕೇ ಗೊತ್ತಿದ್ದವರೂ ಗೊತ್ತಿಲ್ಲದ ಹಾಗೆ ನಿಲ್ಲುತ್ತಾರೆ. ನಿಮ್ಮ ಮಾವನ ಹಿಂದೆ ನಿಂತಿದ್ದ ಆ ಸಿಪಿಒ (ಕಾನ್‌ಸ್ಟೇಬಲ್) ಬಾಯಿ ಬಿಡದೇ ಇದ್ದದ್ದೂ ಅದಕ್ಕೇ ಇರಬಹುದು. ಮೇಲಿನವರನ್ನು ಕ್ಯಾಮೆರಾದ ಎದುರು ತಿದ್ದುವುದು ಸಣ್ಣ ಕೆಲಸ ಅಲ್ಲ.

'ನಿಙ್ಙಳ್' ಬಗ್ಗೆ ಒಂದು ಮಾತು. ಮಲಬಾರಿನಲ್ಲಿ ಅದು ಮರ್ಯಾದೆ. ತೆಂಕಣದವರ ಕಿವಿಗೆ ಸ್ವಲ್ಪ ಒರಟು, ಅವರಿಗೆ 'ಸಾರ್' ಅನ್ನಬೇಕು. ಹಾಗಾಗಿ ಮಲಯಾಳ ಗೊತ್ತಿದ್ದರೂ ಪೆಟ್ಟು ತಪ್ಪುವುದಿಲ್ಲ.

ಇನ್ನು ಯಂತ್ರದ ವಿಷಯ. ಬಟನ್ ಒತ್ತಿದ ಮೇಲೆ ಮಾತು ದಾಖಲಾಗುತ್ತದೆ. ಕೆಲವು ಮಾದರಿಗಳಲ್ಲಿ ಒತ್ತುವುದಕ್ಕೆ ಮೊದಲಿನ 30 ಸೆಕೆಂಡ್ ಚಿತ್ರ ಕೂಡ ಉಳಿಯುತ್ತದೆ, ಆದರೆ ಧ್ವನಿ ಇರುವುದಿಲ್ಲ. ಜಗಳ ಶುರುವಾಗುವುದು ಮಾತಿನಿಂದ, ಉಳಿಯುವುದು ಬರೀ ಬಾಯಿ ಅಲ್ಲಾಡುವುದು.

ಪೆರ್ಲ ಬಸ್ಸು:

ಖಾಕಿ ಸಾರ್, ನೀವು ಯಾವ ಅಂಗಡಿಯಲ್ಲಿ ಕೂರುತ್ತಿದ್ದಿರಿ ಅಂತ ನನಗೆ ಅಂದಾಜು ಆಯಿತು. ಹೇಳುವುದಿಲ್ಲ ಬಿಡಿ.

ಟೀಚರಕ್ಕ:

ನೀವೆಲ್ಲ ರಸ್ತೆಯ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಅಡುಗೆಮನೆಯ ಬಗ್ಗೆ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯ ಹುಡುಗಿಗೆ ಗಂಡನ ಕಾಟ. ಯಾರೋ ಫೋನ್ ಮಾಡಿದರು, ಪೊಲೀಸರು ಬಂದರು. ಹುಡುಗಿ ನನ್ನ ಕೈ ಹಿಡಿದುಕೊಂಡು ಮಾತು ಶುರು ಮಾಡಿದಳು. ಆಗ ಕೆಂಪು ದೀಪ ಕಂಡಳು. ಮಾತು ಅಲ್ಲಿಗೇ ನಿಂತಿತು. 'ಇದನ್ನು ಯಾರೆಲ್ಲ ನೋಡುತ್ತಾರೆ ಟೀಚರೇ?' ಅಂತ ನನ್ನ ಕಿವಿಯಲ್ಲಿ ಕೇಳಿದಳು. ನಾನು ಏನು ಹೇಳಲಿ? ಬಂದ ಮಹಿಳಾ ಪೊಲೀಸ್ ಜಾಣೆ. ಕ್ಯಾಮೆರಾ ಹಾಕಿದವರನ್ನು ಜಗಲಿಯಲ್ಲಿ ನಿಲ್ಲಿಸಿ, ತಾನು ಒಬ್ಬಳೇ ಒಳಗೆ ಬಂದು ಒಲೆಯ ಹತ್ತಿರ ಕೂತಳು. ಅರ್ಧ ಗಂಟೆ. ಅವಳು ಮಾತಾಡಿದ್ದು ಮಲಯಾಳ, ಇವಳು ಹೇಳಿದ್ದು ಮರಾಠಿ ಕನ್ನಡ ಬೆರಕೆ. ಇಬ್ಬರಿಗೂ ಅರ್ಥ ಆಯಿತು.

ಆದ್ದರಿಂದ 'ಯಾವಾಗಲೂ ಆನ್ ಇರಲಿ' ಅನ್ನುವವರ ಜೊತೆ ನಾನಿಲ್ಲ.

ಓದುಗೂಸು:

ಟೀಚರ್, ನೀವು ಹೇಳಿದ್ದರಲ್ಲಿ ಒಂದು ಕಷ್ಟ ಇದೆ. ರಿಯಾಲ್ಟೊದ ಪ್ರಯೋಗ ಮಾಡಿದ ಬರಾಕ್ ಏರಿಯಲ್ ಅವರೇ ಆಮೇಲೆ ಹಲವು ಕಡೆ ನೋಡಿದರು. ಶುರುವಿನಿಂದ ಆನ್ ಇಟ್ಟು, ರೆಕಾರ್ಡ್ ಆಗುತ್ತಿದೆ ಅಂತ ಮೊದಲೇ ಹೇಳಿದ ಕಡೆ ಪೊಲೀಸರು ಬಲ ಬಳಸುವುದು ಕಡಿಮೆ ಆಯಿತು. ತಮಗೆ ಬೇಕೆಂದಾಗ ಆನ್, ಬೇಡವಾದಾಗ ಆಫ್ ಮಾಡಿದ ಕಡೆ ಜಾಸ್ತಿ ಆಯಿತು. ಬಟನ್ ಪೊಲೀಸರ ಕೈಯಲ್ಲಿ ಇದ್ದರೆ ಅದೇ ಒಂದು ಆಯುಧ ಆಗುತ್ತದೆ ಅಲ್ವಾ?

ಟೀಚರಕ್ಕ:

ಆಗಬಹುದು. ಹಾಗಾದರೆ ಆಫ್ ಮಾಡಿ ಅನ್ನುವ ಹಕ್ಕು ಆ ಹುಡುಗಿಗೆ ಇರಲಿ, ಪೊಲೀಸರಿಗೆ ಬೇಡ. ಅಷ್ಟು ಕಷ್ಟವಾ ಇದು?

ಕಪ್ಪುಕೋಟು:

ಕಾನೂನು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮಾತು ಗಾಳಿಯಲ್ಲಿ ಹೋಗುತ್ತದೆ.

ಕಂಗಿನಡಿಯವರ ಕೇಸಿಗೆ ಮೊದಲು ಬರುವುದು ಮೋಟಾರು ವಾಹನ ನಿಯಮ 167ಎ. 2021ರ ಆಗಸ್ಟಿನಲ್ಲಿ ಬಂತು. ಎದೆಗೆ ಹಾಕುವ ಕ್ಯಾಮೆರಾದ ಹೆಸರು ಅದರಲ್ಲೇ ಇದೆ. ಅದರ ಆಧಾರದಲ್ಲಿ ದಂಡ ಹಾಕಿದರೆ ಆ ಚಲನ್ ಮುಗಿಯುವ ತನಕ ದಾಖಲೆ ಇಡಬೇಕು. ನೀವು ಅಲ್ಲೇ ದುಡ್ಡು ಕಟ್ಟಿದ್ದೀರಿ. ಅಂದರೆ ಚಲನ್ ಮುಗಿಯಿತು. ವಿಡಿಯೋ ಬೇಕಿದ್ದರೆ ತಡ ಮಾಡಬೇಡಿ. ದಿನ, ಹೊತ್ತು, ಜಾಗ, ಎದೆಯ ಹೆಸರುಪಟ್ಟಿಯಲ್ಲಿ ಇದ್ದ ಹೆಸರು, ರಶೀದಿ ನಂಬರ್ ಬರೆದು ಇವತ್ತೇ ಅರ್ಜಿ ಕೊಡಿ.

ಅರ್ಜಿ ಕನ್ನಡದಲ್ಲೇ ಕೊಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಸ್ಪಷ್ಟ ಇದೆ: ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಾವಿರುವ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕಾಗದಕ್ಕೆ ಈ ಹಕ್ಕು ಇದೆ. ಎದೆಯ ಕ್ಯಾಮೆರಾದಲ್ಲಿ ಬಿದ್ದ ಮಾತಿಗೂ ಇದೇ ಬುದ್ಧಿ ಬೇಕು ಅನ್ನುವುದು ನನ್ನ ವಾದ.

ನಿಮ್ಮ ಫೋನಿನಲ್ಲಿ ನೀವೂ ರೆಕಾರ್ಡ್ ಮಾಡಬಹುದು. ಕೇರಳ ಪೊಲೀಸ್ ಕಾಯ್ದೆ 2011ರ 33ನೇ ಸೆಕ್ಷನ್ ಪ್ರಕಾರ, ಪೊಲೀಸರ ಕೆಲಸವನ್ನು ಜನ ಕಾನೂನುಬದ್ಧವಾಗಿ ರೆಕಾರ್ಡ್ ಮಾಡುವುದನ್ನು ಪೊಲೀಸರು ತಡೆಯುವ ಹಾಗಿಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ.

ಈಗ ನನ್ನದೊಂದು ಅನುಭವ. 2024ರ ಜುಲೈ 1ರಿಂದ ಹೊಸ ಕಾನೂನು ಬಂತು. ಮನೆ ಶೋಧ ಮಾಡಿ ವಸ್ತು ಹಿಡಿದರೆ, ಅದರ ಪಟ್ಟಿ ಮಾಡುವುದನ್ನೂ ಸೇರಿಸಿ, ವಿಡಿಯೋ ಮಾಡಲೇಬೇಕು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಸೆಕ್ಷನ್. ಅಂಥ ಒಂದು ವಿಡಿಯೋ ನನ್ನ ಕಕ್ಷಿದಾರರದ್ದು ನೋಡಿದೆ. ಮನೆಯ ಯಜಮಾನರು ಕನ್ನಡದವರು, ಶಾಂತವಾಗಿ ನಿಂತಿದ್ದಾರೆ. ಸಾಮಾನೆಲ್ಲ ಮೇಜಿನ ಮೇಲೆ ಇಟ್ಟ ಮೇಲೆ ಅವರು ಕೇಳುತ್ತಾರೆ: 'ಪಟ್ಟಿ ಎಲ್ಲಿ ಸಾರ್? ಪಟ್ಟಿ?' ಎದುರಿನವರು ಒಮ್ಮೆಲೇ ಗರಂ. ಯಾಕೆ ಹೇಳಿ? ಮಲಯಾಳದಲ್ಲಿ 'ಪಟ್ಟಿ' ಅಂದರೆ ನಾಯಿ. ಲಿಸ್ಟಿಗೆ ಅವರು 'ಪಟ್ಟಿಕ' ಅನ್ನುತ್ತಾರೆ. ಆಮೇಲಿನ ಎರಡು ನಿಮಿಷ ಬರೀ ಗಲಾಟೆ. ಕಾನೂನು ಕೇಳು ಅಂದದ್ದನ್ನೇ ಕೇಳಿದ ಮನುಷ್ಯ, ಪೊಲೀಸರಿಗೆ ನಾಯಿ ಅಂದ ಅಂತ ಆಯಿತು. ವಿಡಿಯೋ ಚೊಕ್ಕವಾಗಿದೆ, ಧ್ವನಿ ಸ್ಪಷ್ಟವಾಗಿದೆ. ಕನ್ನಡ ಗೊತ್ತಿಲ್ಲದವರು ನೋಡಿದರೆ ನಮ್ಮ ಕಕ್ಷಿದಾರರೇ ತಪ್ಪಿತಸ್ಥ.

ಗಡಿದಾಟು:

ಅಯ್ಯೋ ದೇವರೇ, ಪಟ್ಟಿ! ಕಚೇರಿಗಳಲ್ಲಿ ನಾನು ದಿನಾ 'ಪಟ್ಟಿಯಲ್ಲಿ ಹೆಸರು ಇದೆಯಾ' ಅಂತ ಕೇಳುತ್ತೇನೆ. ಯಾರೂ ಬಾರಿಸದೇ ಇದ್ದದ್ದು ನನ್ನ ಅದೃಷ್ಟ.

ಆದರೂ ಕಪ್ಪುಕೋಟು ಸಾರ್, ಆ ವಿಡಿಯೋ ಇಲ್ಲದಿದ್ದರೆ ಏನಾಗುತ್ತಿತ್ತು? 'ಬೈದ' ಅಂತ ಮಹಜರಿನಲ್ಲಿ ಬರೆದು ಮುಗಿಸುತ್ತಿದ್ದರು. ಈಗ ಕನಿಷ್ಠ ಪಟ್ಟಿ ಅಂದದ್ದು ಯಾಕೆ ಅಂತ ನೀವು ತೋರಿಸಬಹುದು. ನನ್ನ ಮಾತು ಅಷ್ಟೇ: ಅರ್ಧ ಸಾಕ್ಷಿ ಆದರೂ ಇರಲಿ.

ಕಪ್ಪುಕೋಟು:

ಅದನ್ನು ಒಪ್ಪುತ್ತೇನೆ. ಇಲ್ಲದಿರುವುದಕ್ಕಿಂತ ಇರುವುದೇ ಮೇಲು. ಆದರೆ ನೋಡುವ ಕಣ್ಣೂ ಒಂದು ಬದಿಯದ್ದು. ಎದೆಯ ಕ್ಯಾಮೆರಾದಲ್ಲಿ ಹಾಕಿದವರ ಮುಖ ಕಾಣುವುದಿಲ್ಲ, ಎದುರಿನವನ ಮುಖ ಮಾತ್ರ. 2019ರಲ್ಲಿ ಅಮೆರಿಕದಲ್ಲಿ ಇದನ್ನೂ ಪರೀಕ್ಷೆ ಮಾಡಿದ್ದಾರೆ. ಒಂದೇ ಘಟನೆಯನ್ನು ಎದೆಯ ಕ್ಯಾಮೆರಾದಲ್ಲಿ ನೋಡಿದವರು, ಕಾರಿನ ಕ್ಯಾಮೆರಾದಲ್ಲಿ ನೋಡಿದವರಿಗಿಂತ, 'ಪೊಲೀಸ್ ಬೇಕೆಂದೇ ಮಾಡಿದ್ದಲ್ಲ' ಅನ್ನುವ ಕಡೆ ವಾಲಿದರು. ಮುಖ ಬಿಗಿಯಾದದ್ದು ಎಸ್ಸೈಯದ್ದು, ವಿಡಿಯೋದಲ್ಲಿ ಇರುವುದು ಮಾವನ ಮುಖ.

ಕರಿಮೆಣಸು:

ಎಲ್ಲರೂ ಕ್ಯಾಮೆರಾಕ್ಕೆ ಬೈಯುತ್ತಿದ್ದೀರಿ. ನಾವೇನು ಕಡಿಮೆ? ನಮ್ಮ ಹುಡುಗರು ಜೀಪು ಕಂಡ ಕೂಡಲೇ ಫೋನ್ ಎತ್ತುತ್ತಾರೆ. ಎದುರು ಬದುರು ಎರಡು ಕ್ಯಾಮೆರಾ. ಮೊನ್ನೆ ಉಪ್ಪಳದ ಹತ್ತಿರ ನೋಡಿದೆ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಅಲ್ಲಿ ಇಲ್ಲದ ಯಾರೋ ಮೂರನೆಯವನಿಗೆ ಭಾಷಣ ಮಾಡುತ್ತಿದ್ದರು. ನಾಟಕದಲ್ಲಿ ಎದುರಿನ ಪಾತ್ರ ಬಿಟ್ಟು ಸಭೆಯ ಕಡೆ ತಿರುಗಿ ಡೈಲಾಗ್ ಹೊಡೆಯುತ್ತಾರಲ್ಲ, ಹಾಗೆ. ಹೆಲ್ಮೆಟ್ ಕೇಸು, ಐದು ನಿಮಿಷದ ಕೆಲಸ, ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಬಸ್ಸು ಹೋಯಿತು.

ನಿವೃತ್ತ ಖಾಕಿ:

ಕರಿಮೆಣಸು ಹೇಳಿದ್ದು ನೂರಕ್ಕೆ ನೂರು.

ಇನ್ನೊಂದು ಹೇಳಿ ಮುಗಿಸುತ್ತೇನೆ. 2008ರಲ್ಲಿ ಜನಮೈತ್ರಿ ಅಂತ ಪೊಲೀಸ್ ಯೋಜನೆ ಶುರುವಾಯಿತು. ಬೀಟಿನವರು ಮನೆ ಮನೆಗೆ ಹೋಗಬೇಕು, ಪರಿಚಯ ಮಾಡಿಕೊಳ್ಳಬೇಕು. ಆಗ ಜನ 'ಸಾರ್, ಸ್ವಲ್ಪ ಬದಿಗೆ ಬನ್ನಿ' ಅಂತ ಕರೆದು ಹೇಳುತ್ತಿದ್ದ ವಿಷಯಗಳು ಉಂಟಲ್ಲ, ಮರಳು ಲಾರಿ ಎಷ್ಟು ಹೊತ್ತಿಗೆ ಹೋಗುತ್ತದೆ, ಯಾರ ಮನೆಯ ಹುಡುಗ ಏನು ಸೇದುತ್ತಿದ್ದಾನೆ, ಅದು ಕ್ಯಾಮೆರಾದ ಎದುರು ಯಾರೂ ಹೇಳುವುದಿಲ್ಲ. ಬದಿ ಅನ್ನುವುದೇ ಇಲ್ಲ ಈಗ.

ನನ್ನನ್ನು ಕೇಳಿದರೆ ಕ್ಯಾಮೆರಾ ತೆಗೆಯಬೇಡಿ. ತಪ್ಪು ಭಾಷೆ ಮಾತಾಡಿದ್ದಕ್ಕೆ ಯಾರನ್ನೂ ಕರೆಸಿ ಕೇಳುವುದಿಲ್ಲ ಅಂತ ಒಂದು ಸಾಲು ಬರೆದು ಗೋಡೆಗೆ ಅಂಟಿಸಿ. ಗಡಿ ಠಾಣೆಗಳ ವಿಡಿಯೋದ ಮೇಲೆ ದೂರು ಬಂದರೆ, ಕೇಳಲು ಕೂರಿಸುವವರಲ್ಲಿ ಒಬ್ಬರಿಗಾದರೂ ಕನ್ನಡ, ತುಳು ಬರಲಿ. ಅಂಥವರು ಇಲಾಖೆಯಲ್ಲೇ ಇದ್ದಾರೆ. ಹಿಂದೆ ನಿಂತು ಮುಖ ತಿರುಗಿಸುತ್ತಿದ್ದಾರೆ, ಅಷ್ಟೇ.

ಕಂಗಿನಡಿ:

ಅಪ್‌ಡೇಟ್. ಕಪ್ಪುಕೋಟು ಸಾರ್ ಹೇಳಿದ ಹಾಗೆ ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟು ಬಂದೆ. ಒಂದೂವರೆ ಪುಟ. ದಂಡ ಕಟ್ಟಿದ್ದೇವೆ, ದೂರು ಇಲ್ಲ, ಆ ಎರಡು ನಿಮಿಷದ ವಿಡಿಯೋವನ್ನು ಕನ್ನಡ ಬಲ್ಲವರಿಂದ ಕೇಳಿಸಿ, ನಮಗೂ ಒಂದು ಪ್ರತಿ ಕೊಡಿ, ಇಷ್ಟೇ ಬೇಡಿಕೆ. ಮಾವ ಕೂಡ ಸಹಿ ಹಾಕಿದರು. ಫೋಟೋ ಸಿಗುತ್ತದೆ ಅನ್ನುವ ಆಸೆ ಅವರಿಗೆ ಇನ್ನೂ ಇದೆ.

ಕೌಂಟರಿನಲ್ಲಿದ್ದವರು ಒಳ್ಳೆಯವರು. ಕನ್ನಡ ಬೇಡ ಅನ್ನಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದರು, ವಿಷಯ ಏನು ಅಂತ ಮಲಯಾಳದಲ್ಲಿ ಕೇಳಿದರು. ನಾನು ನನಗೆ ಬಂದ ಮಲಯಾಳದಲ್ಲಿ ಹತ್ತು ನಿಮಿಷ ವಿವರಿಸಿದೆ. ಮಾವ, 'ನೀ', ಬೈರಾಸು, ಎಲ್ಲಾ. ಅವರು ತಲೆಯಾಡಿಸುತ್ತಾ ಕೇಳಿದರು. ಆಮೇಲೆ ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆದರು. ಮನೆಗೆ ಬಂದು ಟೀಚರಕ್ಕನ ಹತ್ತಿರ ರಶೀದಿ ಓದಿಸಿದೆ. 'ಹೆಲ್ಮೆಟ್ ದಂಡ ವಾಪಸ್ ಕೇಳಿ ಅರ್ಜಿ' ಅಂತ ಇದೆ.

ಪೆರ್ಲ ಬಸ್ಸು:

😂😂 ಸಿಕ್ಕಿದರೆ ಅರ್ಧ ನನಗೆ.

ಕಂಗಿನಡಿ:

ಸೋಮವಾರ ಯಾರಾದರೂ ವಿದ್ಯಾನಗರದ ಕಡೆ ಹೋಗುವವರು ಇದ್ದೀರಾ? ಚೆನ್ನಾಗಿ ಮಲಯಾಳ ಬರೆಯುವವರು ಬೇಕು. ಆ ಸಾಲು ತಿದ್ದಿಸಬೇಕು.

ನಿವೃತ್ತ ಖಾಕಿ:

ನಾನು ಬರುತ್ತೇನೆ. ಹತ್ತು ಗಂಟೆಗೆ ಕಲೆಕ್ಟರೇಟಿನ ಎದುರು ಇರಿ. ಅಜ್ಜನವರನ್ನೂ ಕರೆದುಕೊಂಡು ಬನ್ನಿ, ಹೆಲ್ಮೆಟ್ ಹಾಕಿಸಿ.